ಕಾವಲಿನ ‘ಲು’

ಮದ್ರಾಸಿನ ಅಡ್ಯಾರಿನಲ್ಲಿರುವ ಜಲಜಮ್ಮನಿಗೆ ಒಂದೇ ಹಟ. ಮೊಮ್ಮಗಳು ವೀಕ್ಷಾ ಮನೆಯಲ್ಲಾದರೂ ಕನ್ನಡ ಮಾತಾಡಬೇಕು. ಆ ಹುಡುಗಿಯೋ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು. ಅಂಥವಳು ಕನ್ನಡ ಸಂಘದ ಮಕ್ಕಳ ವಿಜ್ಞಾನ ಭಾಷಣಕ್ಕೆ ತಾನಾಗಿಯೇ ಹೆಸರು ಕೊಟ್ಟು ಬಂದಾಗ ಜಲಜಮ್ಮ ಹಿಗ್ಗಿಹೋದರು.

ವಿಷಯ ಮೈಟೋಕಾಂಡ್ರಿಯ. ಜೀವಕೋಶದೊಳಗೆ ಕೂತು ತಿಂದದ್ದನ್ನು ಶಕ್ತಿ ಮಾಡುವ ಒಲೆ ಅದು ಎಂದು ತಿಳಿದುಕೊಂಡು, ‘ಕೋಶಕ್ಕೆ ಕಾವು ಕೊಡುತ್ತದೆ’ ಎಂದು ಅಜ್ಜಿ ಹೇಳಿಕೊಟ್ಟರು. ವೀಕ್ಷಾ ಒಪ್ಪಿಸಿದ್ದು ಮಾತ್ರ ‘ಕಾವಲು ಕೊಡುತ್ತದೆ’ ಎಂದು. ಪೊಲೀಸ್ ಠಾಣೆಯ ಬೋರ್ಡಿನಲ್ಲಿ ದಿನಾ ಓದುವ ತಮಿಳು ‘ಕಾವಲ್’ಗೆ ಬಾಲ ಅಂಟಿಸಿದ್ದಳು. ತಮಿಳಿಗೊಂದು ಉಕಾರ ಹಚ್ಚಿದರೆ ಕನ್ನಡವಾಯಿತು ಎನ್ನುವುದು ಇಲ್ಲಿನ ಮಕ್ಕಳ ಲೆಕ್ಕ. ಜಲಜಮ್ಮ ಬಿದ್ದು ಬಿದ್ದು ನಕ್ಕರು. ಒಲೆ ಎಲ್ಲಾದರೂ ಮನೆ ಕಾಯುತ್ತದೇನೇ ಎಂದು ಎದುರು ಫ್ಲಾಟಿನವರಿಗೂ ಹೇಳಿ ನಗಿಸಿದರು. ಭಾಷಣ ವೇಂಡಾಂ, ಬೇಡವೇ ಬೇಡ ಎಂದ ವೀಕ್ಷಾ ಮತ್ತೆ ಕನ್ನಡದ ತಂಟೆಗೇ ಬರಲಿಲ್ಲ.

ಸೊಸೆ ವಂದನಾ ವೈರಸ್‌ಗಳ ಮೇಲೆ ಸಂಶೋಧನೆ ಮಾಡುವವಳು. ಅವಳು ಊಟಕ್ಕೆ ಕೂತಾಗ ಜಲಜಮ್ಮ ಅದನ್ನೇ ತಮಾಷೆಯಾಗಿ ಹೇಳಿದರು. ವಂದನಾ ನಗಲಿಲ್ಲ.

“ಅವಳು ಹೇಳಿದ್ದೂ ಸರೀನೇ ಅತ್ತೆ. ಅದು ಕಾವಲೂ ಕಾಯತ್ತೆ.”

ಜಲಜಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ. ಸಾರು ಬಡಿಸುತ್ತ ಪ್ರಶ್ನೆ ಮೇಲೆ ಪ್ರಶ್ನೆ. ಅಲ್ಲ, ಒಲೆಗೆ ಕಳ್ಳ ಬಂದದ್ದು ಹೇಗೆ ಗೊತ್ತಾಗಬೇಕು? ವೈರಸ್ಸನ್ನು ಗುರುತಿಸುವುದು ಕೋಶದೊಳಗೆ ಓಡಾಡಿಕೊಂಡಿರುವ ಬೇರೊಂದು ಪ್ರೋಟೀನು ಎಂದಳು ವಂದನಾ. ಅದು ಬಂದು, ಮೈಟೋಕಾಂಡ್ರಿಯದ ಹೊರಮೈಗೆ ಅಂಟಿಕೊಂಡಿರುವ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೂಗು ಏಳುವುದು ಅಲ್ಲಿಂದ. ಆಗ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನು ತಯಾರಿಸಿ ಅಕ್ಕಪಕ್ಕದ ಕೋಶಗಳನ್ನೂ ಎಚ್ಚರಿಸುತ್ತದೆ. ಹಾಗಾದರೆ ವೈರಸ್ ಸುಮ್ಮನೆ ನೋಡಿಕೊಂಡಿರುತ್ತದೆಯೇ ಎಂದು ಕೇಳಿದರು ಜಲಜಮ್ಮ.

“ಎಲ್ಲಿ ಸುಮ್ಮನಿರತ್ತೆ? ಕೆಲವು ವೈರಸ್‌ಗಳು ಮೊದಲು ಆ ಕೂಗೋ ಪ್ರೋಟೀನನ್ನೇ ಕತ್ತರಿಸಿ ಹಾಕ್ತವೆ. ಆಮೇಲೆ ಕೋಶ ಗಪ್‌ಚುಪ್.”

ಜಲಜಮ್ಮ ಸಾರಿನ ಸೌಟು ಕೆಳಗಿಟ್ಟರು. ಒಳಕೋಣೆಯಲ್ಲಿ ವೀಕ್ಷಾ ಇದ್ದಳು, ಆದರೂ ಅಲ್ಲಿಂದ ಒಂದು ಸದ್ದಿಲ್ಲ. ಛೆ, ನಾನೆಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡರು.

ಕೋಣೆಗೆ ಹೋಗಿ ಮೊಮ್ಮಗಳ ಪಕ್ಕ ಕೂತು, ನೀನು ಹೇಳಿದ್ದೇ ಸರಿಯಂತೆ, ನಕ್ಕದ್ದು ನನ್ನದೇ ತಪ್ಪು ಎಂದರು. ವೀಕ್ಷಾ ಗೋಡೆ ಕಡೆ ತಿರುಗಿದಳು.

“ಒಲೆ ಕಾವಲ್ ಕಾಯೋದನ್ನೂ ಭಾಷಣಕ್ಕೆ ಸೇರಿಸೋಣ ಕಣೇ” ಎಂದರು ಜಲಜಮ್ಮ. ಮದುವೆಯಾದಾಗಿನಿಂದ ಮದ್ರಾಸಿನಲ್ಲೇ ಹೊರಳಿದ ನಾಲಿಗೆ, ಬಾಯಿ ತಪ್ಪಿ ತಮಿಳೇ ಬಂದಿತ್ತು.

ವೀಕ್ಷಾ ಥಟ್ಟನೆ ಈ ಕಡೆ ತಿರುಗಿದಳು.

“ಕಾವಲ್ ಅಲ್ಲ ಅಜ್ಜಿ, ಕಾವಲು. ‘ಲು’ ಬಿಡಬಾರದು.”