ತಣ್ಣನೆ ಮರಳು

ಹರಿಹರದಲ್ಲಿ ಗಾಡಿ ತಿರುಗಿಸಿ ತಿರುಗಿಸಿ ನನಗೆ ಸಾಕಾಗಿ ಹೋಗಿತ್ತು. ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ. ಗಂಡ ತೌಸೀಫ್ ಹುರಿಯುತ್ತಾರೆ, ನಾನು ಚೀಲಗಳನ್ನು ಓಮ್ನಿಗೆ ತುಂಬಿಕೊಂಡು ಹರಿಹರದ ಅಂಗಡಿಗಳಿಗೆ ಹಾಕಿ ಬರುತ್ತೇನೆ. ತುಂಗಭದ್ರೆಯ ಸೇತುವೆ ಕಾಣುವಷ್ಟರಲ್ಲಿ ಕೊನೆಯ ಅಂಗಡಿ ಬಂದುಬಿಡುತ್ತದೆ, ನಾನು ವಾಪಸು. ಸೇತುವೆ ದಾಟಿ ಹೋಗುವ ಲಾರಿಗಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

ದಾರಿಗಿಂತ ಹೆಚ್ಚಾಗಿ ನನ್ನ ತಲೆ ತಿಂದಿದ್ದು ಮನೆಯವರ ಪ್ರಶ್ನೆಗಳು. ನಸೀಮಾ, ಟವೆಲ್ ಎಲ್ಲೈತೆ? ಅಮ್ಮಿ, ನನ್ನ ಬಿಳಿ ಓಢಣಿ ಎಲ್ಲೈತೆ? ಮೂಗಿನ ಮುಂದೆ ಇರುವುದನ್ನೂ ನಾನೇ ಬಂದು ತೋರಿಸಬೇಕು. ಒಂದೇ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ, ಯಾರೂ ನನ್ನನ್ನು ಏನೂ ಕೇಳಬಾರದು. ನನಗೆ ಬೇಕಾಗಿದ್ದು ಅಷ್ಟೇ. ಅಂಥ ಜಾಗ ಯಾವುದಿದೆ ಎಂದು ಯೋಚಿಸಿದಾಗ ಹೊಳೆದದ್ದು ರಾಜಸ್ಥಾನದ ಮರುಭೂಮಿ.

ಊಟಕ್ಕೆ ಕೂತಾಗ ಹೇಳಿದೆ. ಮಗಳು ತಸ್ಲೀಮ್ ಬಿದ್ದು ಬಿದ್ದು ನಕ್ಕಳು. "ನಾವು ಮಂಡಕ್ಕಿ ಹುರಿಯೋದೇ ಉಸುಕಿನಾಗೆ. ದಿನಾ ಅದನ್ನೇ ನೋಡ್ತೀಯ. ಮತ್ತೆ ಅಷ್ಟ್ ದೂರ ಉಸುಕು ನೋಡೋಕೆ ಹೋಗ್ತೀಯಾ ಅಮ್ಮಿ?"

"ಒಬ್ಬಳೇನಾ?" ಎಂದರು ತೌಸೀಫ್.

"ಒಬ್ಬಳೇ. ನೀವು ಬಂದ್ರೆ ದಾರಿ ಉದ್ದಕ್ಕೂ ನಿಮ್ಮ ಕನ್ನಡಕ ಹುಡುಕೋದೇ ಆಗ್ತೈತೆ."

ಅವರಿಗೆ ಒಳಗೊಳಗೇ ದಿಗಿಲಾಗಿತ್ತು, ಆದರೆ ಎಂಟು ದಿನ ಮಾತಾಡಿ ಮಾತಾಡಿ ಒಪ್ಪಿಸಿದೆ. ಅತ್ತೆ ಹಜೀರಾಬೀ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವರು ಮೊದಲಿನಿಂದಲೂ ಹಾಗೆಯೇ. ಪ್ರಾಯವನ್ನೆಲ್ಲ ಭಟ್ಟಿಯ ಹೊಗೆಯಲ್ಲಿ ಕಳೆದವರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಹೊರಡುವ ದಿನ ಒಂದು ಚೀಲ ಮಂಡಕ್ಕಿ, ಪುಟಾಣಿ, ಬೆಳ್ಳುಳ್ಳಿ ಖಾರ ತಂದು ಸೀಟಿನ ಮೇಲಿಟ್ಟು ಒಳಗೆ ಹೋದರು.

ಡಿಸೆಂಬರಿನ ತಣ್ಣನೆ ಬೆಳಗು. ಹರಿಹರ ಬಂತು, ಕೊನೆಯ ಅಂಗಡಿಯೂ ಬಂತು. ಕೈ ಅಭ್ಯಾಸಬಲದಿಂದ ಇಂಡಿಕೇಟರ್ ಹಾಕಿಯೇಬಿಟ್ಟಿತು. ಆರಿಸಿ ಸೀದಾ ಹೋದೆ. ಸೇತುವೆ ದಾಟುವಾಗ ಜೋರಾಗಿ ಹಾಡಿದೆ. ನನ್ನ ಗಂಟಲು ಚೆನ್ನಾಗಿಲ್ಲ, ಆದರೆ ಕೇಳುವವರು ಯಾರಿದ್ದರು.

ಖುಷಿ ಹುಬ್ಬಳ್ಳಿಯವರೆಗೆ ಇತ್ತು. ಅಲ್ಲಿ ಫೋನ್ ಬಂತು. "ನಸೀಮಾ, ಚಾಪುಡಿ ಡಬ್ಬಿ ಎಲ್ಲೈತೆ?" ಕೊಲ್ಹಾಪುರದಲ್ಲಿ ತಸ್ಲೀಮ್, ಅವಳ ಕಾಲೇಜಿನ ಐಡಿ ಕಾರ್ಡು. ಪುಣೆ ದಾಟಿದ ಮೇಲೆ ಮತ್ತೆ ತೌಸೀಫ್: ಹರಿಹರದ ಬಕ್ಕೇಶಣ್ಣನಿಗೆ ದಪ್ಪ ಮಂಡಕ್ಕಿನಾ, ಸಣ್ಣದಾ? ಗುಜರಾತಿನ ಒಂದು ಢಾಬಾದಲ್ಲಿ ತುತ್ತು ಬಾಯಿಗಿಡುವಾಗ ಉಪ್ಪು ಎಲ್ಲಿದೆ ಎಂದು ಕೇಳಿದರು. ಹೊರಗೆ ಭಟ್ಟಿಯಲ್ಲಿ ಮೂಟೆಗಟ್ಟಲೆ ಉಪ್ಪು ಇಟ್ಟುಕೊಂಡ ಮನುಷ್ಯ, ನನ್ನನ್ನು ಗುಜರಾತಿನಲ್ಲಿ ಹಿಡಿದು ಉಪ್ಪು ಕೇಳುತ್ತಾರೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡುವಷ್ಟು ಬೈದೆ.

ಜೈಸಲ್ಮೇರ್ ಮುಟ್ಟಿದ ಸಂಜೆ ನಾನೇ ಫೋನ್ ಮಾಡಿ ಹೇಳಿದೆ: ನಾಳೆ ಮರಳಿನ ಕಡೆ ಹೋಗುತ್ತೇನೆ, ಈ ಒಂದು ದಿನ ನನ್ನನ್ನು ಬಿಟ್ಟುಬಿಡಿ. ತೌಸೀಫ್ ಆಯ್ತು ಆಯ್ತು ಎಂದರು. ಅವರ ಆಯ್ತು ನನಗೆ ಗೊತ್ತಿಲ್ಲದ್ದೇನಲ್ಲ.

ಬೆಳಗ್ಗೆ ಊರು ದಾಟುತ್ತಲೇ ರಸ್ತೆ ನೆಟ್ಟಗೆ ಹೊರಟಿತು. ಎಡಕ್ಕೂ ಬಲಕ್ಕೂ ಕುರುಚಲು ಗಿಡ, ಆಮೇಲೆ ಅದೂ ಇಲ್ಲ. ಫೋನಿನ ಸಿಗ್ನಲ್ ಹೋಯಿತು. ಗಾಡಿ ನಿಲ್ಲಿಸಿ ಹತ್ತಿರದ ದಿಬ್ಬ ಹತ್ತಿದೆ. ಕುರಿ ಕಾಯುವ ಮುದುಕರೊಬ್ಬರು ಎದುರಾದರು. ತಲೆಯಾಡಿಸಿ ಮುಂದೆ ಹೋದರು, ಏನೂ ಕೇಳಲಿಲ್ಲ. ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಕೂತು ಮರಳೊಳಗೆ ಕೈ ಇಟ್ಟೆ. ತಣ್ಣಗಿತ್ತು. ಹುಟ್ಟಿದಾಗಿನಿಂದ ನಾನು ಕಂಡ ಮರಳೆಲ್ಲ ಕೈ ಸುಡುವಂಥದ್ದು, ಅದು ತಣ್ಣಗೂ ಇರಬಹುದು ಎಂಬುದೇ ನನಗೆ ಹೊಸದು. ಚಪ್ಪಲಿ ಬಿಟ್ಟು ಪಾದ ಹೂತುಕೊಂಡೆ. ಒಂದು ಹಿಡಿ ತೆಗೆದು ಬೆರಳಲ್ಲಿ ತಿಕ್ಕಿದೆ. ತೀರಾ ನುಣುಪು, ನಮ್ಮ ಭಟ್ಟಿಗೆ ಆಗುವುದಿಲ್ಲ, ಅಕ್ಕಿಗೆ ಅಂಟಿಕೊಂಡುಬಿಡುತ್ತದೆ. ಯಾವ ಕೆಲಸಕ್ಕೂ ಬಾರದ ಅಷ್ಟೊಂದು ಮರಳಿನ ನಡುವೆ ನಾನೂ ಯಾವ ಕೆಲಸವೂ ಇಲ್ಲದೆ ಕೂತಿದ್ದೆ. ಅಷ್ಟು ಸುಖ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಮಧ್ಯಾಹ್ನದವರೆಗೆ ಹೀಗೇ ಇತ್ತು. ಮಂಡಕ್ಕಿ ತಿಂದು ಕೈ ಒರೆಸಿಕೊಳ್ಳುವಾಗ ತಲೆಯೊಳಗೆ ಹುಳ ಹೊಕ್ಕಿತು. ತಸ್ಲೀಮ್ ಊಟ ಕಟ್ಟಿಕೊಂಡು ಹೋದಳೋ ಇಲ್ಲವೋ. ಬಕ್ಕೇಶಣ್ಣನಿಗೆ ಸಣ್ಣ ಮಂಡಕ್ಕಿ ಕಳಿಸಿಬಿಟ್ಟರೋ ಏನೋ. ಎದ್ದೆ. ಇನ್ನೊಂದು ಎತ್ತರದ ದಿಬ್ಬ ಹತ್ತಿದರೆ ಸಿಗ್ನಲ್ ಬಂತು. ಇನ್ನೇನು ಮಿಸ್ಡ್ ಕಾಲುಗಳು ಒಂದರ ಮೇಲೊಂದು ಬೀಳುತ್ತವೆ ಎಂದು ಕಾದೆ.

ಒಂದೂ ಬರಲಿಲ್ಲ. ಫೋನ್ ಕೆಟ್ಟಿರಬೇಕೆಂದು ಆರಿಸಿ ಹಚ್ಚಿದೆ. ಆಗಲೂ ಇಲ್ಲ. ನಾನೇ ಬೇಡಿಕೊಂಡ ದಿನ, ಆದರೂ ಸಿಟ್ಟು ಬಂತು. ನಾನಿಲ್ಲದೆ ಎಲ್ಲ ಸಲೀಸಾಗಿ ನಡೆಯುತ್ತಿದೆಯೇ? ತೌಸೀಫ್‌ಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ.

"ಏನಾಯ್ತು? ಗಾಡಿ ಕೆಟ್ಟೈತಾ?"

"ಇಲ್ಲಮ್ಮಾ. ಅವರ ಫೋನ್ ಯಾಕ ನಿಮ್ಮ ಹತ್ರ ಐತೆ?"

"ಅವಂದೂ ಹುಡುಗೀದೂ ಬೆಳಗ್ಗೇನೇ ಇಸ್ಕೊಂಡು ಅಕ್ಕಿ ಡ್ರಮ್ಮಿನಾಗೆ ಹಾಕೀನಿ. ಮುಚ್ಚಳದ ಮ್ಯಾಲೇ ಕೂತಿದ್ದೆ, ಒಳಗೆ ಹೊಡಕಂತು ಅಂತ ಈಗ ತೆಗೆದೆ. ಏನ್ ಬೇಕಾದ್ರೂ ನನ್ನ ಕೇಳ್ರಿ ಅಂದೀನಿ."

"ಅಲ್ಲಮ್ಮಾ, ಬಕ್ಕೇಶಣ್ಣಂಗೆ ಯಾವ ಮಂಡಕ್ಕಿ..."

"ನೋಡಮ್ಮ," ಅತ್ತೆಯ ದನಿ ಏರಿತು, ಆಮೇಲೆ ತಾನಾಗಿಯೇ ಇಳಿಯಿತು. "ನಂಗಂತೂ ಅಂಥದೊಂದು ದಿನ ಸಿಗ್ಲಿಲ್ಲ. ಬೇಕು ಅಂತ ಕೇಳಾಕೂ ಗೊತ್ತಾಗ್ಲಿಲ್ಲ. ನೀ ಕೇಳಿ ತಗಂಡಿದೀಯ. ಹಾಳ್ ಮಾಡ್ಕೋಬ್ಯಾಡ. ಇಡು ಫೋನು."

ಕಟ್ ಮಾಡಿದರು. ನನಗೆ ಮೊದಲು ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ. ಆ ಕ್ಷಣ ಅತ್ತೆ ಎದುರಿಗಿದ್ದಿದ್ದರೆ ತಬ್ಬಿಕೊಂಡೇ ಬಿಡುತ್ತಿದ್ದೆ, ಅವರು ಬೈದಿದ್ದರೂ ಸರಿ.

ಸಿಗ್ನಲ್ ಇಲ್ಲದ ಕಡೆಗೆ ಇಳಿದು ಮತ್ತೆ ಪಾದ ಹೂತುಕೊಂಡು ಕೂತೆ. ಸಂಜೆಯವರೆಗೆ ಯಾರೂ ಏನೂ ಕೇಳಲಿಲ್ಲ. ಎರಡು ಸಲ ಕೈ ತಾನಾಗಿ ಫೋನಿನ ಕಡೆ ಹೋಯಿತು. ಎರಡೂ ಸಲ, ಅತ್ತೆಗೆ ಹೆದರಿ, ಹಿಂದಕ್ಕೆ ತೆಗೆದೆ.