ಗಟಾರಕ್ಕೆ ಹಾಕಿದ ಮದ್ದು

ಗಟಾರದ ಎರಡೂ ದಂಡೆಗಳ ಮೇಲೆ ಬ್ಲೀಚಿಂಗ್ ಪುಡಿ ಬಿದ್ದಿತ್ತು. ಯಾರೋ ತಾಳ್ಮೆಯಿಂದ ಎಳೆದ ರಂಗೋಲಿಯ ಅಂಚಿನಂತೆ ಅದು ಅಕ್ಕಿ ಗಿರಣಿಯ ಗೋಡೆಯಿಂದ ಹೊರಟು, ಕಲ್ಯಾಣ ಮಂಟಪದ ಹಿಂಬದಿಯನ್ನು ಬಳಸಿ, ತಿರುವಿನಲ್ಲಿ ಮರೆಯಾಗುತ್ತಿತ್ತು. ನಡುವೆ ಕಪ್ಪು ನೀರು. ಅದರ ಮೇಲೂ ಬಿಳಿಯ ಕೆನೆ. ಕೆನೆಯ ಮೇಲೆ ಅಲುಗದೆ ನಿಂತ ಒಂದು ಬೇವಿನೆಲೆ. ಬೆಂದ ಭತ್ತದ ವಾಸನೆಯನ್ನೂ ಮೀರಿ ಘಾಟು ಮೂಗಿಗೆ ಚುಚ್ಚುತ್ತಿತ್ತು. ಹಗ್ಗ ಕಟ್ಟಿದ ಬಾಟಲಿಯನ್ನು ಹಿಡಿದ ಶ್ವೇತಾ ಆ ಬಿಳುಪಿನ ಮುಂದೆ ನಿಂತಿದ್ದಳು.

ಗಂಗಾವತಿಯ ಈ ಗಟಾರದ ನೀರನ್ನು ವಾರವಾರ ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಅವಳ ಕೆಲಸ. ಫ್ಲೂ ಹಬ್ಬತೊಡಗಿದರೆ, ಜನ ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ಅವರ ಬಚ್ಚಲು, ಪಾಯಖಾನೆಗಳ ನೀರಿನಲ್ಲಿ ಅದರ ಸುಳಿವು ಇಳಿದು ಬರುತ್ತದೆ. ಹೋದ ವಾರದ ನೀರಿನಲ್ಲಿ ಆ ಸುಳಿವು ಒಮ್ಮೆಲೇ ಏರಿತ್ತು. ಮಂಟಪದಲ್ಲಿ ನಡೆಯಲಿದ್ದ ವೃದ್ಧರ ಕಣ್ಣಿನ ಆಪರೇಷನ್ ಶಿಬಿರವನ್ನು ಮುಂದೂಡಬೇಕೆಂದು ಅವಳು ಬರೆದುಕೊಟ್ಟಿದ್ದಳು. ಅದಕ್ಕೆ ಬಂದ ಉತ್ತರ ಈ ಪುಡಿ.

"ಏನ್ರಿ ಸರ್ ಇದು?" ಎಂದು ಪಕ್ಕದಲ್ಲಿ ನಿಂತಿದ್ದ ನಗರಸಭೆಯ ಅಧಿಕಾರಿ ಉಮಾಪತಿಯನ್ನು ಕೇಳಿದಳು.

"ಗಟಾರದಾಗ ವೈರಸ್ ಐತಂತ ನೀವ ಬರದು ಕೊಟ್ಟೀರಿ. ಕೊಂದು ಹಾಕೀನಿ ನೋಡ್ರಿ."

"ವೈರಸ್ ಇರೋದು ಮಂದಿ ಎದ್ಯಾಗ್ರಿ. ಗಟಾರ ಬರೇ ಸುದ್ದಿ ಹೇಳ್ತೈತಿ."

"ಹಂಗಾದ್ರ ಸುದ್ದೀನೂ ಬಂದ್ ಆತಲ್ಲವಾ!" ಉಮಾಪತಿ ನಕ್ಕ. "ಗಿರಣಿ ಸಾವ್ಕಾರ್ರು ಅವರಪ್ಪನ ಹೆಸರಿನ್ಯಾಗ ಶಿಬಿರ ಇಟ್ಟಾರ. ಊಟದ ಸಾಮಾನು ಬಂದು ಬಿದ್ದೈತಿ. ತುಂಬ್ರಿ ಬಾಟ್ಲಿ."

"ಪುಡಿ ಬಿದ್ದ ಈ ನೀರು ತುಂಬಿದ್ರ ಸುಳ್ಳ ಹೇಳ್ತೈತ್ರಿ. ನಾ ತುಂಬಂಗಿಲ್ಲ."

ಅವಳು ಹಗ್ಗ ಸುತ್ತಿಕೊಂಡು ಹೊರಟಳು. ಉಮಾಪತಿ ಇನ್ನೊಬ್ಬನ ಕೈಯಿಂದ ಬಾಟಲಿ ತುಂಬಿಸಿದ. ವೈರಸ್ ಪತ್ತೆಯಾಗಿಲ್ಲವೆಂದು ವರದಿ ಬಂತು. ಅವನಿಗೆ ಅದರಲ್ಲಿ ಮೋಸವೇನೂ ಕಾಣಲಿಲ್ಲ. ರೋಗವನ್ನು ತಾನು ಕೊಂದೆನೆಂದೇ ಅವನು ಪ್ರಾಮಾಣಿಕವಾಗಿ ನಂಬಿದ್ದ. ಗಟಾರ ಶುದ್ಧವಾಗಿದೆ, ಯಾರೂ ಅಂಜಬಾರದು ಎಂದು ಆಟೋವೊಂದು ಓಣಿ ಓಣಿಗಳಲ್ಲಿ ಕೂಗುತ್ತ ಹೋಯಿತು.

ಶಿಬಿರದ ಬೆಳಗ್ಗೆ, ಶ್ವೇತಾಳ ತಾಯಿ ಪಕ್ಕೀರವ್ವ ಎರಡು ಸೀರೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಕಣ್ಣಿಗೆ ಪೊರೆ, ಎದೆಗೆ ಹಳೆಯ ದಮ್ಮು. ಶಿಬಿರಕ್ಕೆ ಅವಳ ಹೆಸರು ಬರೆಸಿದವಳು ಶ್ವೇತಾಳೇ. ಆಗಿನ್ನೂ ಗಟಾರ ಏನನ್ನೂ ಹೇಳಿರಲಿಲ್ಲ.

"ಅವ್ವಾ, ಹೋಗಬ್ಯಾಡ. ನಿನ್ನ ದಮ್ಮಿಗೆ ಆ ಜಡ್ಡು ಹತ್ತಿದ್ರ ತಡಿಯಂಗಿಲ್ಲ ನೀನು."

"ಆಟೋದವ ಏನಿಲ್ಲಂತ ಕೂಗಿ ಹೋದ್ನಲ್ಲ."

"ಅಂವಾ ಕೂಗಿದ್ದು ಸುಳ್ಳು."

"ಊರಿಗೆಲ್ಲಾ ಸುಳ್ಳು, ನೀ ಒಬ್ಬಾಕಿ ಖರೆ? ಬಿಎಸ್ಸಿ ಓದಿಸಿದ್ದು ಮಂದಿ ಹೊಲಸು ಮೂಸಾಕೇನ? ಓಣ್ಯಾಗ ಕೇಳಿದ್ರ ಏನ್ ಹೇಳ್ಬೇಕೋ ತಿಳಿವಲ್ದು ನನಗ."

"ಒಂದು ತಿಂಗಳು ತಡಿಯವಾ. ಕೊಪ್ಪಳದ ದವಾಖಾನಿಗೆ ನಾನ ಕರಕೊಂಡು ಹೋಗ್ತೀನಿ."

"ಹ್ವಾದ ವರ್ಷಾನೂ ಹಿಂಗ ಅಂದಿದ್ದಿ."

ಶ್ವೇತಾ ಹಾಗೆ ಅಂದಿದ್ದು ನಿಜ. ಆಗ ರಜೆ ಸಿಕ್ಕಿರಲಿಲ್ಲ, ಆಮೇಲೆ ಹೆರಿಗೆ, ಆಮೇಲೆ ಕೂಸು. ಪಕ್ಕೀರವ್ವ ತೊಟ್ಟಿಲ ಬಳಿ ಬಂದು ಬಾಗಿದಳು. ಮಲಗಿದ್ದ ಮೊಮ್ಮಗಳ ಮುಖವನ್ನು ಬೆರಳುಗಳಿಂದಲೇ ಹುಡುಕಿ, ಮೂಗಿನ ತುದಿ ಮುಟ್ಟಿದಳು.

"ಯಾರಂಗ ಅದಾಳೋ ಏನೋ. ಎಲ್ಲಾರೂ ನನ್ನಂಗ ಅಂತಾರ. ನಾ ನೋಡಬ್ಯಾಡೇನ?"

ಹೊರಗೆ ಶಿಬಿರದ ಟೆಂಪೋ ಹಾರ್ನ್ ಬಾರಿಸಿತು. ಒಳಗಿದ್ದ ಹುಲಿಹೈದರ ಹಳ್ಳಿಯ ಮುದುಕಿಯರು ಏನನ್ನೋ ಹೇಳಿಕೊಂಡು ನಗುತ್ತಿದ್ದರು. ನಗು ಮುಗಿಯುವ ಮುನ್ನವೇ ಯಾರಿಗೋ ಕೆಮ್ಮು ಬಂತು, ಒಣಗಿದ, ನಿಲ್ಲಲೊಲ್ಲದ ಕೆಮ್ಮು. ಶ್ವೇತಾ ತಾಯಿಯ ಕೈ ಹಿಡಿದಳು. ಇನ್ನೊಂದು ಕೈಯಿಂದ ಮಾಸ್ಕೊಂದನ್ನು ಅವಳ ಅಂಗೈಯೊಳಗಿಟ್ಟಳು.

"ಇರ್ಲಿ ಬಿಡು, ಕಣ್ಣಿಗೆ ಕಟ್ಟಾಕ ಬರ್ತೈತಿ," ಎಂದು ಪಕ್ಕೀರವ್ವ ನಕ್ಕು ಅದನ್ನು ನಡುವಿಗೆ ಸಿಕ್ಕಿಸಿಕೊಂಡಳು. ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗೋಡೆ ಸವರುತ್ತ ಹೊಸ್ತಿಲು ದಾಟಿದಳು.

ಕೂಸು ಎಚ್ಚರಗೊಳ್ಳದಿರಲೆಂದು, ಹೊರಗಿನಿಂದ ಬಾಗಿಲನ್ನು ಬಹು ಮೆತ್ತಗೆ ಎಳೆದುಕೊಂಡಳು.