ಮರ ಹತ್ತುವ ತಮ್ಮಯ್ಯನ ಕಾಲು

ಬಣಕಲ್ ಸುತ್ತಿನ ತೋಟಗಳಲ್ಲಿ ಮರಗಸಿಗೆ ಜನ ಬೇಕಾದಾಗ ಮೊದಲು ಕೇಳಿಬರುತ್ತಿದ್ದ ಹೆಸರು ತಮ್ಮಯ್ಯನದು. ಮಳೆ ಹಿಡಿಯುವ ಮುಂಚೆ ಕಾಫಿ ಗಿಡಗಳಿಗೆ ಒಂದಿಷ್ಟು ಬೆಳಕು ಸಿಗಲೆಂದು ದೊಡ್ಡ ಮರಗಳನ್ನು ಹತ್ತಿ ಕೊಂಬೆ ಕಡಿಯುವ ಕೆಲಸ ಅದು. ಕಡಿದದ್ದು ಗಿಡದ ಮೇಲೆ ಬಿದ್ದರೆ ಫಸಲು ಹೋಯಿತು. ತಮ್ಮಯ್ಯ ಕಡಿದ ಕೊಂಬೆ ಮಾತ್ರ ಹೇಳಿ ಕಳಿಸಿದ ಹಾಗೆ ಎರಡು ಸಾಲಿನ ನಡುವೆ ಬಂದು ಬೀಳುತ್ತಿತ್ತು. ಐವತ್ತರ ಹತ್ತಿರ ಬಂದರೂ ಅವನು ಮರ ಹತ್ತುವುದನ್ನು ನೋಡಲು ಕೆಲಸದ ಹೆಂಗಸರು ಬಾಗಿದ ಬೆನ್ನು ಎತ್ತಿ ನಿಲ್ಲುತ್ತಿದ್ದರು.

ಅಂಥವನಿಗೆ ಆ ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ತೊಡೆಗಳಲ್ಲಿ ಒಂದು ನೋವು ಸೇರಿಕೊಂಡಿತು. ಕೆಲಸ ಮಾಡಿದವನಿಗೆ ನೋವು ಹೊಸದಲ್ಲ. ಆದರೆ ಕೆಲಸದ ನೋವು ರಾತ್ರಿ ಮಲಗಿದರೆ ಬೆಳಿಗ್ಗೆ ಬಿಡುತ್ತಿತ್ತು, ಇದು ಬಿಡಲಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕಲು ಕುಕ್ಕರಗಾಲಲ್ಲಿ ಕೂತರೆ ಏಳಲು ಗೋಡೆ ಹಿಡಿಯಬೇಕಾಯಿತು. ಅಂಗಿ ಕಳಚಲು ಕೈ ಎತ್ತಿದರೆ ಭುಜ ಭಾರವಾಯಿತು. ಮೀನಖಂಡ ಹಿಡಿದುಕೊಂಡರೆ ಸಡಿಲಾಗಲು ಬಹಳ ಹೊತ್ತು ಬೇಕು. ಊಟ ಮೊದಲಿಗಿಂತ ಕಡಿಮೆಯಾದರೂ ಮೈ ದಪ್ಪವಾಗುತ್ತಿತ್ತು, ಬೆಳಗಾದರೆ ಮುಖ ಊದಿಕೊಂಡಿರುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಬಿಚ್ಚಲು ಮನಸ್ಸಾಗದು.

ಅವನು ಯಾರಿಗೂ ಹೇಳಲಿಲ್ಲ. ಪೇಟೆಯ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗಿದ. ಹೆಂಡತಿ ಅಂಜನಮ್ಮ ನೀಲಗಿರಿ ಎಣ್ಣೆ ತಿಕ್ಕಿದಳು. "ವಯಸ್ಸಾಯ್ತಲ್ಲ, ಇನ್ನೆಂಥ" ಎಂದು ಇಬ್ಬರೂ ಅಂದುಕೊಂಡು ಸುಮ್ಮನಾದರು.

ಮೇ ತಿಂಗಳಲ್ಲಿ ಮರಗಸಿ ಶುರುವಾಯಿತು. ಕೆರೆ ಪಕ್ಕದ ಅತ್ತಿಮರಕ್ಕೆ ಏಣಿ ಆನಿಸಿ ತಮ್ಮಯ್ಯ ಹತ್ತಿದ. ಅರ್ಧ ಏರುವಷ್ಟರಲ್ಲಿ ತೊಡೆಗಳು ನಡುಗಿದವು. ಇನ್ನೊಂದು ಮೆಟ್ಟಿಲಿಗೆ ಕಾಲೆತ್ತಲು ನೋಡಿದ. ಕಾಲು ಏಳಲಿಲ್ಲ. ಇಳಿಯೋಣವೆಂದರೆ ಅದಕ್ಕೂ ಬಲವಿಲ್ಲ. ಏಣಿಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ ನಿಂತುಬಿಟ್ಟ.

ಪಕ್ಕದ ಮರದಲ್ಲಿದ್ದವನು ಅವನ ಜೊತೆಗಾರ ಬೊಮ್ಮಯ್ಯ. "ಎಂಥ ಆಯ್ತು ಮಾರಾಯ?" ಎಂದು ಕೂಗಿದ. ಬೊಮ್ಮಯ್ಯ ಕತ್ತಿಯನ್ನು ಕೆಳಗೆಸೆದು ಸರಸರ ಇಳಿದು ಬಂದ. ತಮ್ಮಯ್ಯನ ಏಣಿಯನ್ನು ಅವನ ಹಿಂದೆಯೇ ಏರಿ, ಅವನ ಪಾದ ಹಿಡಿದು ತನ್ನ ಹೆಗಲ ಮೇಲೆ ಇಟ್ಟುಕೊಂಡ.

"ನನ್ ಮೇಲೆ ಭಾರ ಹಾಕು. ಹೆದರಬೇಡ. ನಾನು ಹಿಡ್ಕೊಂಡಿದೀನಿ."

ಒಂದೊಂದೇ ಮೆಟ್ಟಿಲು ಹಾಗೆಯೇ ಇಳಿಸಿದ. ನೆಲ ಮುಟ್ಟಿದ ತಮ್ಮಯ್ಯ ಅಲ್ಲೇ ತರಗೆಲೆಯ ಮೇಲೆ ಕುಸಿದು ಕೂತ. ಸುತ್ತ ಸೇರಿದವರಿಗೆ ಏನೋ ಹೇಳಲು ಹೋದ. ಕೆಲವು ವಾರಗಳಿಂದ ಅವನ ಧ್ವನಿ ಒಡೆದು ಗೊಗ್ಗರಾಗಿತ್ತು, ನಾಲಿಗೆ ನಿಧಾನವಾಗಿ ತಿರುಗುತ್ತಿತ್ತು. ಮೇಸ್ತ್ರಿ ದೇವೇಂದ್ರ ಅವನ ಊದಿದ ಮುಖ ನೋಡಿದ, ಆ ಎಳೆದ ಮಾತು ಕೇಳಿದ.

"ಬೆಳಿಗ್ಗೆನೇ ಹಾಕ್ಕೊಂಡು ಬಂದು ಮರ ಹತ್ತಿದ್ರೆ ಇನ್ನೇನಾಗ್ತದೆ" ಎಂದ. "ಬಿದ್ದು ಸತ್ರೆ ಸಾಹುಕಾರ್‌ಗೆ ನಾನು ಉತ್ತರ ಹೇಳ್ಬೇಕು. ನಾಳೆಯಿಂದ ಬರೋದು ಬೇಡ."

ಮಗಳು ಭವ್ಯಾ ಹುಟ್ಟಿದ ವರ್ಷ ಕುಡಿತ ಬಿಟ್ಟವನು ತಮ್ಮಯ್ಯ. ಆಮೇಲೆ ಮದುವೆ ಮನೆಯಲ್ಲೂ ಮುಟ್ಟಿರಲಿಲ್ಲ. ಅದನ್ನು ಹೇಳಬೇಕೆಂದುಕೊಂಡ, ಗಂಟಲಿನಿಂದ ಹೊರಟ ಮಾತು ಇನ್ನೂ ತೊದಲಿತು. ಬೊಮ್ಮಯ್ಯನ ಹೆಗಲು ಹಿಡಿದು ಮನೆಯ ಕಡೆ ಹೊರಟ.

ಸುದ್ದಿ ಅವನಿಗಿಂತ ಮೊದಲು ತೋಟದ ಆಳುಗಳ ಲೈನ್ ಮನೆ ಮುಟ್ಟಿತ್ತು. ಅಂಜನಮ್ಮ ನೀರು ಕೊಟ್ಟಳು, ಎದುರಿಗೆ ಕೂತು ಕೇಳಿದಳು: "ನನ್ ಹತ್ರ ನಿಜ ಹೇಳಿ. ಕುಡಿದಿದ್ರಾ?"

ದೇವೇಂದ್ರ ಅಂದದ್ದು ಅಷ್ಟು ನೋಯಿಸಿರಲಿಲ್ಲ. ತಮ್ಮಯ್ಯ ಎದ್ದು ಆಚೆ ಹೋಗಿಬಿಡೋಣವೆಂದು ಮಣೆಯಿಂದ ಮೇಲೇಳಲು ನೋಡಿದ. ಆಗಲಿಲ್ಲ. ಮುಂದಕ್ಕೆ ಬಾಗಿ ಎರಡೂ ಅಂಗೈ ನೆಲಕ್ಕೆ ಊರಿದ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ. ತನ್ನ ಮೈಯನ್ನೇ ಹಿಡಿದುಕೊಂಡು ಹತ್ತುವವನ ಹಾಗೆ ಎದ್ದ. ಗಂಡ ಏಳುವ ಆ ರೀತಿಯನ್ನು ಅಂಜನಮ್ಮ ಮೊದಲ ಸಲ ಪೂರ್ತಿಯಾಗಿ ನೋಡಿದಳು. ಇದು ಕುಡಿದವನ ತೂರಾಟ ಅಲ್ಲ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಅವನ ತೋಳು ಹಿಡಿದು ಮತ್ತೆ ಕೂರಿಸಿದಳು.

"ಎಷ್ಟು ದಿನದಿಂದ ಹೀಗೆ?"

"ಕುಯ್ಲಿಂದ."

"ನನಗೆ ಯಾಕೆ ಹೇಳಲಿಲ್ಲ?"

"ಮರ ಹತ್ತೋಕೆ ಆಗ್ದಿರೋ ನನ್ನನ್ನ ಯಾರು ಕರೀತಾರೆ ಅಂಜನಿ" ಎಂದವನ ಕಣ್ಣು ತುಂಬಿಕೊಂಡಿತು.

ಭವ್ಯಾ ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ತಾಯಿ ಫೋನ್ ಮಾಡಿದ ಮಾರನೇ ದಿನವೇ ರಜೆ ಹಾಕಿ ಇಬ್ಬರನ್ನೂ ಅಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಕನ್ನಡಕ ಹಾಕಿದ ಮಧ್ಯವಯಸ್ಸಿನ ಹೆಂಗಸು, ಅವಸರವಿಲ್ಲದವರು.

"ಕೈ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಏಳಿ ನೋಡೋಣ" ಎಂದರು.

ತಮ್ಮಯ್ಯ ಪ್ರಯತ್ನಪಟ್ಟ. ಸ್ವಲ್ಪ ಎದ್ದು ಮತ್ತೆ ಕೂತುಬಿಟ್ಟ. ಅವನನ್ನು ಮಂಚದ ಮೇಲೆ ಮಂಡಿಯೂರಿಸಿ, ರಬ್ಬರಿನ ಸುತ್ತಿಗೆಯಿಂದ ಹಿಮ್ಮಡಿಯ ತುಸು ಮೇಲಕ್ಕೆ ತಟ್ಟಿದರು. ಪಾದ ಪುಟಿಯಿತು, ಆದರೆ ಜಾಗಕ್ಕೆ ವಾಪಸ್ಸಾಗಲು ಮನಸ್ಸಿಲ್ಲದ ಹಾಗೆ ಮೆಲ್ಲಗೆ ಬಂತು. ಡಾಕ್ಟರ್ ಇನ್ನೊಮ್ಮೆ ತಟ್ಟಿ ನೋಡಿದರು. ಒರಟಾದ ಅಂಗೈ ಸವರಿದರು, ಕುತ್ತಿಗೆ ಮುಟ್ಟಿದರು.

"ಚಳಿ ಜಾಸ್ತಿ ಆಗ್ತದಾ? ನಿದ್ದೆ ಎಷ್ಟು ಮಾಡಿದ್ರೂ ಸಾಲಲ್ಲ ಅನ್ಸುತ್ತಾ?"

"ಹೌದು."

"ಧ್ವನಿ ಮೊದಲಿಂದ ಹೀಗೇನಾ?"

ಉತ್ತರ ಕೊಟ್ಟವಳು ಭವ್ಯಾ. "ಇಲ್ಲ ಮೇಡಂ. ಅಪ್ಪ ಕೂಗಿದ್ರೆ ಆಚೆ ಗುಡ್ಡಕ್ಕೆ ಕೇಳ್ತಿತ್ತು."

ರಕ್ತ ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರ್ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ, ಅದರ ಹಾರ್ಮೋನ್ ಕಡಿಮೆಯಾದರೆ ಇಡೀ ಮೈ ನಿಧಾನವಾಗುತ್ತದೆ. ಕೆಲವರಿಗೆ ಸ್ನಾಯುಗಳೇ ಮೊದಲು ಸೋಲುತ್ತವೆ, ಅದರಲ್ಲೂ ತೊಡೆ ಮತ್ತು ಭುಜ.

"ಅದು ಹೆಂಗಸರ ಕಾಯಿಲೆ ಅಲ್ವಾ?" ಎಂದ ತಮ್ಮಯ್ಯ.

"ಹೆಂಗಸರಿಗೆ ಜಾಸ್ತಿ. ಆದ್ರೆ ಗಂಡಸರಿಗೂ ಕುತ್ತಿಗೆ ಇದೆಯಲ್ಲ" ಎಂದು ಡಾಕ್ಟರ್ ನಕ್ಕರು.

ಅಂಜನಮ್ಮ ತಲೆ ತಗ್ಗಿಸಿಕೊಂಡೇ ಕೇಳಿದಳು: "ಇದು ಕುಡಿತದಿಂದ ಬಂದಿದ್ದಲ್ವಲ್ಲ?"

"ಅಲ್ಲ ಕಣಮ್ಮ. ಇವರ ತಪ್ಪಿಂದ ಬಂದಿದ್ದೇ ಅಲ್ಲ."

ಹೃದಯದ ಪರೀಕ್ಷೆಯನ್ನೂ ಮಾಡಿಸಿ, ಸಣ್ಣ ಪ್ರಮಾಣದಲ್ಲಿ ಮಾತ್ರೆ ಶುರುಮಾಡಿದರು. ದಿನಾ ಬೆಳಿಗ್ಗೆ ಬರೀ ಹೊಟ್ಟೆಗೆ, ನೀರಿನ ಜೊತೆ. ಆಮೇಲೆ ಸ್ವಲ್ಪ ಹೊತ್ತು ಕಾಫಿ ತಿಂಡಿ ಏನೂ ಕೂಡದು. ಆಗಾಗ ರಕ್ತ ಪರೀಕ್ಷೆಗೆ ಬರಬೇಕು, ಸುಧಾರಿಸಿದರೂ ತಾನಾಗಿ ಬಿಡಬಾರದು. ಅಂಗಡಿಯ ನೋವಿನ ಮಾತ್ರೆಯನ್ನು ಮಾತ್ರ ಇನ್ನು ಮುಟ್ಟಬೇಡಿ ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಂಜನಮ್ಮ, "ಆವತ್ತು ನಾನು ಹಾಗೆ ಕೇಳಬಾರದಿತ್ತು" ಎಂದಳು. ತಮ್ಮಯ್ಯ ಕಿಟಕಿಯ ಆಚೆ ನೋಡುತ್ತಲೇ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡ.

ಆ ಮಳೆಗಾಲ ಅವನು ಮನೆಯಲ್ಲೇ ಇದ್ದ. ಅಂಜನಮ್ಮ ಒಬ್ಬಳೇ ಕೆಲಸಕ್ಕೆ ಹೋದಳು. ಬೆಳಗಿನ ಕಾಫಿಗೆ ಕಾಯುವುದು ಅವನಿಗೆ ಮಾತ್ರೆಗಿಂತ ಕಷ್ಟವಾಗಿತ್ತು. ಅವನನ್ನು ಕಾಯಿಸಿ ತಾನು ಕುಡಿಯಲು ಮನಸ್ಸು ಬಾರದೆ ಅವಳೂ ಕಾದಳು. ಮೊದಲು ಹೋದದ್ದು ಚಳಿ. ಆಮೇಲೆ ಮುಖದ ಊತ ಇಳಿಯಿತು, ಧ್ವನಿ ತಿಳಿಯಾಯಿತು. ಕಾಲು ಮಾತ್ರ ಕೊನೆಯವರೆಗೂ ಸತಾಯಿಸಿತು. ಒಮ್ಮೆ ಬೇಸತ್ತು, "ಇದು ಆಗೋ ಹೋಗೋ ಕೆಲಸ ಅಲ್ಲ" ಎಂದು ಮಾತ್ರೆಯ ಡಬ್ಬಿ ಪಕ್ಕಕ್ಕೆ ಸರಿಸಿದ. ಆವತ್ತು ನೋಡಲು ಬಂದಿದ್ದ ಬೊಮ್ಮಯ್ಯ ಬೈದ. "ಸ್ನಾಯು ವಾಪಸ್ ಬರೋಕೆ ತಿಂಗಳುಗಳೇ ಬೇಕು ಅಂತ ಡಾಕ್ಟರ್ ಹೇಳ್ಲಿಲ್ವಾ? ನನಗೆ ಹೊಸ ಜೊತೆಗಾರ ಬೇಡ ಮಾರಾಯ. ನುಂಗು."

ಮತ್ತೆ ಕುಯ್ಲು ಬಂದಾಗ, ಕಾಯಿಲೆಯ ವಿಷಯ ತಿಳಿದ ಸಾಹುಕಾರರು ಹೇಳಿ ಕಳಿಸಿದ್ದರಿಂದ ತಮ್ಮಯ್ಯ ಕಣದಲ್ಲಿ ಕಾಫಿ ಹರಡುವ ಕೆಲಸಕ್ಕೆ ಹೋದ. ಫೆಬ್ರವರಿಯಲ್ಲಿ ಮೆಣಸು ಕೊಯ್ಯುವ ಹೊತ್ತಿಗೆ ಡಾಕ್ಟರ್ ಮತ್ತೆ ಕುರ್ಚಿಯಿಂದ ಏಳಿಸಿ ನೋಡಿ, ಹತ್ತಬಹುದು, ಮೊದಲು ಸಣ್ಣ ಮರ ಎಂದರು.

ಮೊದಲ ದಿನ ಬೊಮ್ಮಯ್ಯ ಏಣಿ ಹಿಡಿದು ನಿಂತ. ತಮ್ಮಯ್ಯ ಹತ್ತಿದ. ಮೊದಲಿನ ಚುರುಕು ಇರಲಿಲ್ಲ, ನಡುನಡುವೆ ನಿಂತು ಉಸಿರು ತೆಗೆದುಕೊಂಡ. ಆದರೆ ಕಾಲು ಕೇಳಿದಾಗಲೆಲ್ಲ ಎದ್ದಿತು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ತುದಿಯವರೆಗೂ ಏರಿ ಚೀಲ ತುಂಬಿಸಿಕೊಂಡು ಇಳಿದ. ಕೆಳಗೆ ಮೆಣಸು ಹೆಕ್ಕುತ್ತಿದ್ದ ಅಂಜನಮ್ಮ ಅಲ್ಲಿಯವರೆಗೆ ಒಮ್ಮೆಯೂ ಮೇಲೆ ನೋಡಿರಲಿಲ್ಲ.

ಸಂಜೆ ಎಲ್ಲರೂ ಹೊರಟ ಮೇಲೆ ದೇವೇಂದ್ರ ಹತ್ತಿರ ಬಂದ.

"ತಮ್ಮಯ್ಯ, ಆವತ್ತು ನಾನು ನಾಲ್ಕು ಜನರ ಎದುರಿಗೆ ಹಾಗೆ ಅಂದೆ. ತಪ್ಪಾಯ್ತು."

ತಮ್ಮಯ್ಯ ಮೆಣಸಿನ ಚೀಲದ ಬಾಯಿ ಕಟ್ಟಿದ.

"ನಮ್ಮನೆಯವಳಿಗೂ ಹಾಗೇ ಆಗಿದೆ. ಮೆಟ್ಲು ಹತ್ತೋಕಾಗಲ್ಲ, ಜಡೆ ಹಾಕ್ಕೊಳೋಕೆ ಕೈ ಏಳಲ್ಲ ಅಂತಾಳೆ. ಸೋಮಾರಿ ಅಂತ ನಾನು ಬೈತಾ ಇದ್ದೆ."

ತಮ್ಮಯ್ಯ ಏಣಿಯನ್ನು ಹೆಗಲಿಗೆ ಏರಿಸಿಕೊಳ್ಳಲು ಹೋದವನು ಅದನ್ನು ಮರಕ್ಕೇ ಒರಗಿಸಿ ನಿಂತ. ಒಳಗಿನ ಕಹಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ನೋವೆಲ್ಲ ಥೈರಾಯ್ಡೇ ಆಗಿರಲ್ಲ ಅಂತಾರೆ ಡಾಕ್ಟರು. ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗ್ತದೆ" ಎಂದ. "ನೀವು ಬೈದಿದ್ದಕ್ಕೆ ಅವ್ರು ಇನ್ನೂ ಏನೇನು ಮುಚ್ಚಿಟ್ಟಿದಾರೋ. ಮೊದ್ಲು ಮನೆಗೆ ಹೋಗಿ ಕೇಳಿ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಮೂಡಿಗೆರೆಗೆ ನಾನೂ ಜೊತೆಗೆ ಬರ್ತೀನಿ."